ಕೋಳ ತೊಡಿಸಲೂ ಕಾರಣ ಬರೆಯಬೇಕು

2019ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಅಂಕಲಿ ಪೊಲೀಸರು ಒಬ್ಬ ಕಾನೂನು ವಿದ್ಯಾರ್ಥಿಯನ್ನು ಹಿಡಿದರು. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಆತನ ಮೇಲೆ ಜಾಮೀನುರಹಿತ ವಾರಂಟ್ ಇತ್ತು. ಹಿಡಿಯುವುದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದು ಆಮೇಲೆ: ಕೈಗೆ ಕೋಳ ಹಾಕಿ ಜನರೆದುರು ನಡೆಸಿಕೊಂಡು ಹೋದರು. ಹಳ್ಳಿಯಲ್ಲಿ ಇಂಥ ನಡಿಗೆಯ ಶಿಕ್ಷೆ ಯಾವ ಕೋರ್ಟಿನ ಶಿಕ್ಷೆಗೂ ಕಡಿಮೆಯಲ್ಲ. ಮುಂದೆ ಖುಲಾಸೆಯಾದರೂ ‘ಕೋಳ ಹಾಕಿಸ್ಕೊಂಡೋನು’ ಎಂಬ ಮಾತು ಮಗನ ಮದುವೆಯ ಮಾತುಕತೆಯವರೆಗೂ ಬೆನ್ನು ಬಿಡುವುದಿಲ್ಲ.

ಆತ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದ. ಕೇಳಿದ್ದು 25 ಲಕ್ಷ ರೂಪಾಯಿ ಪರಿಹಾರ. 2022ರ ಜೂನ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಕೊಡಿಸಿದ್ದು 2 ಲಕ್ಷ. ಮೊತ್ತಕ್ಕಿಂತ ಜೊತೆಗೆ ಬಂದ ಆದೇಶಗಳು ದೊಡ್ಡವು. ಬಂಧಿಸುವಾಗ ಕೋಳ ಹಾಕಲೇಬೇಕಾಯಿತೆಂದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ವಿಚಾರಣಾಧೀನ ಕೈದಿಗೆ ಹಾಕಬೇಕೆಂದರೆ ಕೋರ್ಟಿನ ಅನುಮತಿ ಬೇಕು. ಬಂಧಿಸಲು ಹೋಗುವ ಅಧಿಕಾರಿಯ ಮೈಮೇಲೆ ಕ್ಯಾಮೆರಾ ಇರಬೇಕು. ಪರಿಹಾರವನ್ನು ಸರ್ಕಾರ ಕೊಟ್ಟು, ಬೇಕಿದ್ದರೆ ತಪ್ಪಿತಸ್ಥ ಅಧಿಕಾರಿಯಿಂದ ವಸೂಲಿ ಮಾಡಿಕೊಳ್ಳಬಹುದು.

ಇದು ಹೊಸ ಕಾನೂನೇನೂ ಆಗಿರಲಿಲ್ಲ. ತಿಹಾರ್ ಜೈಲಿನ ಒಬ್ಬ ಕೈದಿ ಸುಪ್ರೀಂ ಕೋರ್ಟಿಗೆ ಕಳಿಸಿದ ಟೆಲಿಗ್ರಾಂನಿಂದ ಹುಟ್ಟಿದ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ, 1980ರಲ್ಲೇ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೋಳ ಹಾಕುವುದು ಮೇಲ್ನೋಟಕ್ಕೇ ಅಮಾನವೀಯ ಎಂದಿದ್ದರು. ದೆಹಲಿಯಿಂದ ಅಂಕಲಿಗೆ ಆ ಮಾತು ತಲುಪಲು ನಲವತ್ತೆರಡು ವರ್ಷ ಹಿಡಿಯಿತು. ತಲುಪಿಸಿದ್ದೂ ಇಲಾಖೆಯ ಸುತ್ತೋಲೆಯಲ್ಲ, ಕೋಳ ಹಾಕಿಸಿಕೊಂಡವನೇ.

ಮಾನವ ಹಕ್ಕು ಎಂದರೆ ವಿಶ್ವಸಂಸ್ಥೆಯ ಸಂಗತಿ, ಡಿಸೆಂಬರ್ 10ರ ಭಾಷಣದ ಸಂಗತಿ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಸಂವಿಧಾನದ 12ನೇ ವಿಧಿ ಅದನ್ನು ನೇರ ಊರಿಗೇ ತಂದು ನಿಲ್ಲಿಸುತ್ತದೆ. ಮೂಲಭೂತ ಹಕ್ಕುಗಳ ಮಟ್ಟಿಗೆ ‘ರಾಜ್ಯ’ ಎಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಗಳೂ ಹೌದು. ಹಾಗೆ ನೋಡಿದರೆ ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಪೊಲೀಸ್ ಠಾಣೆಯೂ ರಾಜ್ಯವೇ, ಗ್ರಾಮ ಪಂಚಾಯಿತಿಯೂ ರಾಜ್ಯವೇ. ಬ್ರಿಟನ್ನಿನಲ್ಲಿ ಸಾರ್ವಜನಿಕ ಸಂಸ್ಥೆಗಳು ಮಾನವ ಹಕ್ಕುಗಳಿಗೆ ವಿರುದ್ಧವಾಗಿ ನಡೆಯಕೂಡದು ಎಂಬ ಕಾನೂನು ಬಂದಿದ್ದು 1998ರಲ್ಲಿ, ಜಾರಿಯಾಗಿದ್ದು 2000ದಲ್ಲಿ. ಅಲ್ಲಿಯವರೆಗೆ ಅಲ್ಲಿನವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ದೂರು ಹೊತ್ತುಕೊಂಡು ಹೋಗಬೇಕಿತ್ತು. ನಮಗೆ 1950ರ ಜನವರಿ 26ರಿಂದಲೇ ಮನೆಯ ಕೋರ್ಟಿನಲ್ಲಿ ಕೇಳುವ ದಾರಿಯಿದೆ.

ದಾರಿಯಿದೆ ನಿಜ, ಉದ್ದವೂ ಇದೆ. ಹೊನ್ನಾಳಿಯ ಪಕ್ಕದ ರಾಣೆಬೆನ್ನೂರಿನವರ ರಿಟ್ ಅರ್ಜಿ ಧಾರವಾಡಕ್ಕೆ ಹೋಗುತ್ತದೆ, ಏಕೆಂದರೆ ಅದು ಹಾವೇರಿ ಜಿಲ್ಲೆ. ದಾವಣಗೆರೆ ಜಿಲ್ಲೆಯವರಾದ ಹೊನ್ನಾಳಿ, ಚನ್ನಗಿರಿಯವರದು ಬೆಂಗಳೂರಿಗೆ. ಅಡಿಕೆ ಕೊಯ್ಲಿನ ಕೂಲಿ ನಂಬಿದವನಿಗೆ ವಕೀಲರ ಶುಲ್ಕದ ಮಾತಿರಲಿ, ಎರಡು ದಿನದ ಕೆಲಸ ಬಿಡುವುದೇ ಭಾರ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಇದನ್ನು ಬಂಧಿತನ ಮನೆಯವರಿಗೆ ಠಾಣೆಯಲ್ಲೇ ತಿಳಿಸುವವರು ಯಾರು ಎಂಬುದು ಬೇರೆ ಪ್ರಶ್ನೆ.

ಚನ್ನಗಿರಿಯ ಹೆಸರು ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂದಿದ್ದು 2024ರ ಮೇ ತಿಂಗಳಲ್ಲಿ. ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ಯುವಕನೊಬ್ಬ ಸತ್ತ. ಜನ ಠಾಣೆಗೆ ಕಲ್ಲು ತೂರಿದರು, ಪೊಲೀಸರೂ ಗಾಯಗೊಂಡರು. ಲಾಕಪ್ ಸಾವು ಎಂದು ಒಂದು ಕಡೆ, ರಕ್ತದೊತ್ತಡ ಕುಸಿದದ್ದು ಎಂದು ಸರ್ಕಾರದ ಕಡೆ. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಕಾರಣವನ್ನು ಬೀದಿಯಲ್ಲಿ ನಿಂತು ತೀರ್ಮಾನಿಸಲಾಗದು. ಅದಕ್ಕೆಂದೇ ಕಾನೂನು ಕೆಲವು ಕೆಲಸಗಳನ್ನು ಕಡ್ಡಾಯ ಮಾಡಿದೆ: ಕಸ್ಟಡಿಯಲ್ಲಿ ಸಾವಾದರೆ ವಿಚಾರಣೆಯನ್ನು ಪೊಲೀಸರ ಕೈಗಷ್ಟೇ ಬಿಡುವಂತಿಲ್ಲ, ಮ್ಯಾಜಿಸ್ಟ್ರೇಟರೇ ನಡೆಸಬೇಕು. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಠಾಣೆಯ ಸಿಸಿಟಿವಿ ದೃಶ್ಯ ಉಳಿದಿರಬೇಕು.

ಸಿಸಿಟಿವಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಕ್ಯಾಮೆರಾ ಕಡ್ಡಾಯ ಮಾಡಿತು. ಬಾಗಿಲು, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಯಾವುದೂ ಬಿಟ್ಟುಹೋಗುವಂತಿಲ್ಲ. ಠಾಣೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ದೊಡ್ಡ ಫಲಕ ಹಾಕಬೇಕು. ಇಲ್ಲಿ ಕ್ಯಾಮೆರಾ ಇದೆ ಎಂದಷ್ಟೇ ಬರೆದರೆ ಸಾಲದು. ಹಕ್ಕಿಗೆ ಚ್ಯುತಿ ಬಂದರೆ ಮಾನವ ಹಕ್ಕುಗಳ ಆಯೋಗಕ್ಕೆ, ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಅಥವಾ ಎಸ್‌ಪಿಗೆ ದೂರಬಹುದು, ದೃಶ್ಯವನ್ನು ಅಳಿಸದೆ ಇಡಿಸಿಕೊಳ್ಳುವ ಹಕ್ಕು ನೊಂದವರಿಗಿದೆ ಎಂದೂ ಅದರಲ್ಲಿರಬೇಕು. ಓದುಗರು ಮುಂದಿನ ಸಲ ಪಾಸ್‌ಪೋರ್ಟ್ ಪರಿಶೀಲನೆಗೋ, ಮೊಬೈಲ್ ಕಳೆದ ದೂರಿಗೋ ಠಾಣೆಗೆ ಹೋದಾಗ ಈ ಫಲಕವನ್ನು ಹುಡುಕಿ ನೋಡಬಹುದು. ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಕ್ಕು ಅಧಿಕಾರಿಯನ್ನು ಕಟ್ಟಿಹಾಕುವುದು ಹೀಗೆ, ಬರಹದ ಮೂಲಕ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯವರು 1986ರಲ್ಲಿ ಬರೆದ ಪತ್ರವೇ ಅರ್ಜಿಯಾದ ಡಿ.ಕೆ. ಬಸು ತೀರ್ಪಿನಲ್ಲೂ (1996) ಇರುವುದು ಇಂಥವೇ: ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ, ಬಂಧನದ ಹೊತ್ತು ಬರೆದ ಮೆಮೋ, ಅದಕ್ಕೆ ಮನೆಯವರದೋ ಊರ ಹಿರಿಯರದೋ ಸಹಿ, ಮೈಮೇಲಿನ ಗಾಯಗಳ ದಾಖಲೆ. ಠಾಣೆಯ ರೈಟರ್‌ಗೆ ಇವು ಇನ್ನೊಂದಿಷ್ಟು ಬರೆಯುವ ಕೆಲಸ. ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರು ಉತ್ತರ ಹೇಳಬೇಕಾದಾಗ ಇವೇ ಸಾಕ್ಷಿ. ಅಂಕಲಿ ಪ್ರಕರಣದಲ್ಲೂ ಡೈರಿಯಲ್ಲಿ ಒಂದು ಸಾಲು ನ್ಯಾಯವಾದ ಕಾರಣ ಇದ್ದಿದ್ದರೆ ತೀರ್ಪಿನ ದಿಕ್ಕು ಬೇರೆಯಾಗಬಹುದಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಕೆಲವು ಘೋರ ಅಪರಾಧಗಳಲ್ಲಿ ಕೋಳಕ್ಕೆ ಅವಕಾಶ ಕೊಟ್ಟಿದೆ. ಆ ಪಟ್ಟಿಯಲ್ಲಿ ಚೆಕ್ ಬೌನ್ಸ್ ಇಲ್ಲ.

ಇನ್ನು ಪರಿಹಾರದ ಕಥೆ. ಭಾರತವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿದ್ದು 1979ರಲ್ಲಿ. ಅಕ್ರಮ ಬಂಧನಕ್ಕೊಳಗಾದವರಿಗೆ ಪರಿಹಾರದ ಹಕ್ಕುಂಟು ಎಂಬ ಅದರ 9(5)ನೇ ವಿಧಿಗೆ ಸರ್ಕಾರ ಆಗಲೇ ತಕರಾರು ದಾಖಲಿಸಿತು: ನಮ್ಮ ಕಾನೂನಿನಲ್ಲಿ ಅಂಥ ಹಕ್ಕಿಲ್ಲ. ನಾಲ್ಕೇ ವರ್ಷದಲ್ಲಿ, 1983ರಲ್ಲಿ, ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹನಿಗೆ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. 1993ರಲ್ಲಿ, ಪೊಲೀಸ್ ಕಸ್ಟಡಿಯಲ್ಲಿದ್ದ ಮಗನ ಶವ ರೈಲು ಹಳಿಯ ಮೇಲೆ ಸಿಕ್ಕ ಒಡಿಶಾದ ತಾಯಿ ನೀಲಬತಿ ಬೆಹೆರಾಗೆ ಒಂದೂವರೆ ಲಕ್ಷ. ಬಸು ತೀರ್ಪಿನಲ್ಲಿ ಕೋರ್ಟ್ ಆ ತಕರಾರಿಗೆ ಇನ್ನು ಅರ್ಥವಿಲ್ಲ ಎಂದೇ ಹೇಳಿತು. ಅಂಕಲಿಯ 2 ಲಕ್ಷ ಬಂದದ್ದು ಇದೇ ಸಾಲಿನಲ್ಲಿ. ವಿಶ್ವಸಂಸ್ಥೆಯ ಕಡತದಲ್ಲಿ ಮಾತ್ರ ಸರ್ಕಾರದ ತಕರಾರು ಹಾಗೇ ಇದೆ.