ಬೇಸಿಗೆಯ ಲಾಂಗ್ ರೈಡ್‌ಗೆ ಬೈಕ್ ಟೈರಿನ ಗಾಳಿ ಇಳಿಸಬೇಕೇ?

"ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಒಡೆಯುತ್ತದೆ, ಲಾಂಗ್ ರೈಡ್‌ಗೆ ಮುಂಚೆ ಐದಾರು ಪಿಎಸ್‌ಐ ಇಳಿಸಿ" ಎಂಬ ಸಂದೇಶ ನಿಮಗೂ ಬಂದಿರಬಹುದು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಇದರಲ್ಲಿ ಅರ್ಧ ನಿಜವಿದೆ. ಟೈರ್ ಬಿಸಿಯಾದಂತೆ ಒತ್ತಡ ಏರುತ್ತದೆ, ಸುಮಾರು 5–6 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐನಷ್ಟು. ಆದರೆ ಕಂಪನಿಯವರು ಈ ಏರಿಕೆಯನ್ನು ಲೆಕ್ಕ ಹಾಕಿಯೇ ಅಂಕಿ ಕೊಟ್ಟಿರುತ್ತಾರೆ.

ನಿಜವಾದ ಅಪಾಯ ಗಾಳಿ ಕಡಿಮೆಯಾದಾಗ. ಅಂಥ ಟೈರ್ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಶಾಖ ಹುಟ್ಟುತ್ತದೆ. ಹಿಂದೆ ಒಬ್ಬರು, ಎರಡೂ ಬದಿಗೆ ಬ್ಯಾಗು, ಬೆಂಗಳೂರಿನಿಂದ ಹಂಪಿಯವರೆಗೆ ಕಾದ ಹೆದ್ದಾರಿ... ರಬ್ಬರು ಒಳಪದರದಿಂದ ಕಿತ್ತುಬಂದು ಟೈರ್ ಸಿಡಿಯುವುದು ಇಂಥ ಹೊತ್ತಿನಲ್ಲೇ.

ಆದ್ದರಿಂದ ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಎಷ್ಟಿರಬೇಕೆಂದು ಬೈಕಿನ ಕೈಪಿಡಿಯಲ್ಲಿದೆ. ಇಬ್ಬರು ಕೂರುವುದಾದರೆ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಹೆಚ್ಚು ಬೇಕು. ದಾರಿಯ ಬಂಕಿನಲ್ಲಿ ಬಿಸಿ ಟೈರಿಗೆ ಮೀಟರ್ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಿದರೆ ಗಾಬರಿಯಾಗಿ ಬಿಡಿಸಬೇಡಿ.

ನೈಟ್ರೋಜನ್ ತುಂಬಿಸಿದರೆ? ತುಂಬಿಸಬಹುದು, ಆದರೆ ಮಾಮೂಲಿ ಗಾಳಿಯಲ್ಲೂ 78% ಅದೇ ಇದೆ! ಆ ದುಡ್ಡು ಒಂದು ಒಳ್ಳೆಯ ಗೇಜ್‌ಗೆ ಹಾಕುವುದು ಮೇಲು.

ಹಾಗೇ ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು ತಯಾರಾದದ್ದು 2019ರ 23ನೇ ವಾರದಲ್ಲಿ.