ಶೂನ್ಯಗಣದ ಗುರುತು

ಗಣಿತಪುಸ್ತಕದ ∅ ಎಂಬ ಗುರುತನ್ನು ಗೀಟೆಳೆದ ಸೊನ್ನೆಯೆಂದು ಓದುವ ತಾಯ್ತಂದೆಗಳು ಬಹು ಮಂದಿ. ಅದು ಸೊನ್ನೆಯಲ್ಲ, ನಾರ್ವೆ ದೇಶದ ವರ್ಣಮಾಲೆಯ ಅಕ್ಷರವೊಂದರಿಂದ ಬಂದುದು. ಫ್ರಾನ್ಸಿನ ಬೂರ್ಬಕೀ ಮಂಡಲಿಯು 1939ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ಆಂದ್ರೆ ವೇಯ್ ಎಂಬ ಪಂಡಿತರು ಇದನ್ನು ಆರಿಸಿ, ಏನೂ ಇಲ್ಲದ ಗಣಕ್ಕೆ ಗುರುತಾಗಿಟ್ಟರು. ಸೊನ್ನೆಯೊಂದೇ ಇರುವ ಗಣದಲ್ಲಿ ಒಂದು ಗಣಾಂಶವುಂಟು; ಶೂನ್ಯಗಣದಲ್ಲಿ ಒಂದೂ ಇಲ್ಲ. ಈ ಭೇದವನ್ನರಿಯದ ಹುಡುಗಿಯು ಪರೀಕ್ಷೆಯಲ್ಲಿ ಅಂಕಗಳನ್ನು ಕಳೆದುಕೊಳ್ಳುವಳು.

ಗಣಿತವನ್ನು ಅಚ್ಚಿಗೆ ಜೋಡಿಸಲು ಡೊನಾಲ್ಡ್ ಕ್ನೂತ್ ಅವರು ರಚಿಸಿದ ಟೆಕ್ ಎಂಬ ಗಣಕಯಂತ್ರಸಾಧನದ ಮೂಲ ಅಕ್ಷರಶೈಲಿಯಲ್ಲಿ ಈ ಗುರುತು ಸೊನ್ನೆಯಂತೆಯೇ ನೀಳವಾಗಿದೆ. ಆದಕಾರಣ ಅನೇಕರು ಇದೊಂದನ್ನು ಮಾತ್ರ ಅಮೆರಿಕದ ಗಣಿತಸಂಘದ ಅಕ್ಷರಶೈಲಿಯಿಂದ ಎರವು ತರುತ್ತಾರೆ. ಅಲ್ಲಿ ಅದು ದುಂಡಗಿದೆ. ಒಂದೇ ಪುಟದಲ್ಲಿ ಎರಡು ಮನೆತನದ ಅಚ್ಚುಮೊಳೆಗಳು ಬೆರೆತಂತೆ ಕಾಣುವುದೆಂದು ಆಕ್ಷೇಪಿಸುವವರೂ ಉಂಟು. ನಾವಾದರೋ ನಮ್ಮ ಪ್ರಶ್ನಪತ್ರಿಕೆಗಳಲ್ಲಿ ದುಂಡನೆಯದನ್ನೇ ಹಾಕಿಸುತ್ತೇವೆ.