26 ಟನ್ನಿನ ಒಂದೇ ಕಲ್ಲು

ಹೊಸ ಟ್ರೈಲರ್ ಕಟ್ಟಿಸಲು ನಮ್ಮ ವರ್ಕ್‌ಶಾಪಿಗೆ ಬರುವವರು ಮೊದಲು ಕೇಳುವ ಮಾತು ಒಂದೇ: "ಎಷ್ಟು ಟನ್ ತಡೀತದ್ರಿ?" ನಾನು ತಿರುಗಿ ಕೇಳುತ್ತೇನೆ. ಏನು ಹೇರುತ್ತೀರಿ? ಯಾವ ದಾರಿ? ವಾಪಸು ಬರುವಾಗ ಖಾಲಿಯೋ, ಲೋಡೋ? ಇಷ್ಟು ತಿಳಿಯದೆ ಸಸ್ಪೆನ್ಷನ್ ಬಗ್ಗೆ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಹೊಸಪೇಟೆಯ ಹೆದ್ದಾರಿ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ತೋರಣಗಲ್ಲಿನ ಉಕ್ಕಿನ ಕಾಯಿಲ್, ಇಳಕಲ್ ಕಡೆಯ ಕೆಂಪು ಗ್ರಾನೈಟ್, ಸಂಡೂರಿನ ಅದಿರು ಎಲ್ಲವೂ ಕಣ್ಣೆದುರು ಹಾದುಹೋಗುತ್ತವೆ. ತೂಕದ ಚೀಟಿಯಲ್ಲಿ ಇವುಗಳ ನಡುವೆ ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ. ಗಾಡಿಯ ಕೆಳಗಿನ ಕಥೆಯೇ ಬೇರೆ.

ಗ್ರಾನೈಟನ್ನೇ ತೆಗೆದುಕೊಳ್ಳಿ. 3 ಮೀಟರ್ ಉದ್ದ, 1.8 ಮೀಟರ್ ಅಗಲ, ಅಷ್ಟೇ ಎತ್ತರದ ದಿಮ್ಮಿ ಎಂದರೆ ಸುಮಾರು 26 ಟನ್. ಮೂರು ಎಕ್ಸೆಲ್‌ನ ಎಳೆಯುವ ಗಾಡಿಗೆ ಮೂರು ಎಕ್ಸೆಲ್‌ನ ಟ್ರೈಲರ್ ಕಟ್ಟಿದರೆ 2018ರ ಕೇಂದ್ರದ ನಿಯಮದಂತೆ ಒಟ್ಟು 55 ಟನ್ ಇರಬಹುದು: ಮುಂದಿನ ಎಕ್ಸೆಲ್‌ಗೆ 7, ಅದರ ಹಿಂದಿನ ಜೋಡಿಗೆ 21, ಟ್ರೈಲರಿನ ಮೂರಕ್ಕೂ ಸೇರಿ 27. ಖಾಲಿ ಗಾಡಿ 16 ಟನ್ ಎಂದುಕೊಂಡರೂ ಈ ಕಲ್ಲು ಹೇರಿದ ಮೇಲೆ 42 ಮಾತ್ರ. ಬೇಕಾದಷ್ಟು ಜಾಗ ಉಳಿದಿದೆ ಎಂದೇ ಮಾಲೀಕರು ತಿಳಿಯುತ್ತಾರೆ.

ಆದರೆ ಕ್ರೇನಿನವನು ಆ ಕಲ್ಲನ್ನು ಎಲ್ಲಿ ಇಳಿಸಿದ? ಟ್ರೈಲರನ್ನು ಎಳೆಯುವ ಗಾಡಿಗೆ ಸಿಕ್ಕಿಸುವ ಕಿಂಗ್‌ಪಿನ್‌ನಿಂದ ಮೂರು ಎಕ್ಸೆಲ್‌ಗಳ ನಡುಮಧ್ಯಕ್ಕೆ 8 ಮೀಟರ್ ಇರುವ ಟ್ರೈಲರಿನಲ್ಲಿ, ಕಿಂಗ್‌ಪಿನ್‌ನಿಂದ 7 ಮೀಟರ್ ಹಿಂದೆ ಕೂರಿಸಿದರೆ ಕಲ್ಲಿನ 22.75 ಟನ್ ಹಿಂದಿನ ಎಕ್ಸೆಲ್‌ಗಳ ಪಾಲು. ಟ್ರೈಲರಿನ ಸ್ವಂತ ತೂಕದಲ್ಲಿ ಸುಮಾರು 5 ಟನ್ ಮೊದಲೇ ಅಲ್ಲಿದೆ. ಅಲ್ಲಿಗೆ 27 ದಾಟಿತು. ಅದೇ ಕಲ್ಲನ್ನು 5 ಮೀಟರಿನಲ್ಲಿ ಕೂರಿಸಿದ್ದರೆ ಹಿಂದೆ ಬೀಳುವುದು 21 ಟನ್ ಚಿಲ್ಲರೆ. ಕಲ್ಲೂ ಅದೇ, ಗಾಡಿಯೂ ಅದೇ. ಒಟ್ಟು ತೂಕವೊಂದನ್ನೇ ನೋಡಿ ಸಸ್ಪೆನ್ಷನ್ ಕೊಳ್ಳಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಆ 27 ಟನ್ ಮೂರು ಎಕ್ಸೆಲ್‌ಗಳಿಗೆ ಹೇಗೆ ಹಂಚಿಹೋಗುತ್ತದೆ ಎನ್ನುವುದು. ಸಸ್ಪೆನ್ಷನ್ನಿನ ನಿಜವಾದ ಕೆಲಸ ಇದೇ, ಕುಲುಕಾಟ ತಡೆಯುವುದು ಆಮೇಲಿನದು. ನಮ್ಮ ಕಡೆ ಹೆಚ್ಚಾಗಿ ಓಡುವುದು ಕಮಾನ್ ಪಟ್ಟಿಯ ಸಸ್ಪೆನ್ಷನ್. ಒಂದು ಕಮಾನಿಗೂ ಮುಂದಿನ ಕಮಾನಿಗೂ ನಡುವೆ ಈಕ್ವಲೈಸರ್ ಎಂಬ ತುಂಡು ತಕ್ಕಡಿಯ ದಂಡದಂತೆ ಆಡುತ್ತದೆ. ಮೊದಲ ಗಾಲಿ ಹಂಪ್ ಏರಿದಾಗ ಆ ಕಮಾನಿನ ಹಿಂತುದಿ ಮೇಲೇಳುತ್ತದೆ, ದಂಡ ತಿರುಗಿ ಎರಡನೇ ಕಮಾನನ್ನು ಕೆಳಗೆ ಒತ್ತುತ್ತದೆ, ಭಾರ ಹಂಚಿಹೋಗುತ್ತದೆ. ಸರಳ, ಗಟ್ಟಿ, ಯಾವ ಊರಿನ ಮಿಸ್ತ್ರಿಯೂ ರಿಪೇರಿ ಮಾಡಬಲ್ಲ. ಆದರೆ ಅದು ಆಡುವ ಅಂತರ ಕಡಿಮೆ. ಗುಂಡಿ ಆಳವಾದರೆ ದಂಡ ಕೊನೆಗೆ ತಾಗಿ ನಿಲ್ಲುತ್ತದೆ, ಒಂದು ಎಕ್ಸೆಲ್ ಗಾಳಿಯಲ್ಲಿ ತೂಗುತ್ತದೆ, ಉಳಿದೆರಡು ಅದರ ಪಾಲನ್ನೂ ಹೊರುತ್ತವೆ. ದಂಡದ ಬುಷ್ ಒಣಗಿ ಹಿಡಿದುಕೊಂಡರೂ ಇದೇ ಗತಿ.

ಟ್ರೈಲರ್ ನೆಲಕ್ಕೆ ಸಮನಾಗಿ ನಿಂತಿದೆಯೇ ಎಂದು ನಾನು ಕೂತು ನೋಡುವುದನ್ನು ಕಂಡು ಹೊಸ ಮಾಲೀಕರಿಗೆ ಅಚ್ಚರಿ. ಎಳೆಯುವ ಗಾಡಿಯಲ್ಲಿ ಕಿಂಗ್‌ಪಿನ್ ಕೂರುವ ಫಿಫ್ತ್ ವ್ಹೀಲ್ ಎತ್ತರವಾಗಿ ಟ್ರೈಲರಿನ ಮೂತಿ ಮೇಲೆದ್ದರೆ ಕೊನೆಯ ಎಕ್ಸೆಲ್ ನಲುಗುತ್ತದೆ, ಮೂತಿ ತಗ್ಗಿದರೆ ಮೊದಲನೆಯದು. ಒಂದೇ ಎಕ್ಸೆಲ್‌ನ ಟೈರ್ ಮತ್ತೆ ಮತ್ತೆ ಸವೆಯುತ್ತಿದ್ದರೆ ಟೈರ್ ಕಂಪನಿಯನ್ನು ಬೈಯುವ ಮೊದಲು ಈ ಎತ್ತರ ಅಳೆಯಿರಿ.

ನನ್ನನ್ನು ನಿಜಕ್ಕೂ ನೋಯಿಸುವುದು "ಇನ್ನೆರಡು ಪಟ್ಟಿ ಹೆಚ್ಚು ಹಾಕಿ" ಎಂಬ ಮಾತು. ಪಟ್ಟಿ ಹೆಚ್ಚಿಸಿದರೆ ಕಮಾನು ಬಗ್ಗುವುದಿಲ್ಲ, ಅಷ್ಟೇ. ಅದು ನುಂಗಬೇಕಾದ ಪೆಟ್ಟು ಹ್ಯಾಂಗರಿಗೆ, ಚಾಸಿಸ್ಸಿನ ಬೆಸುಗೆಗೆ, ಹಬ್‌ನ ಬೇರಿಂಗಿಗೆ ಹೋಗುತ್ತದೆ, ಕೊನೆಗೆ ಕ್ಯಾಬಿನ್ನಿನಲ್ಲಿ ಕೂತವನ ಬೆನ್ನಿಗೆ. ಎಕ್ಸೆಲ್ ಮೇಲೆ 13 ಟನ್ ಎಂದು ಬರೆದಿದೆ, ಮೂರಕ್ಕೆ 39 ಆಯಿತಲ್ಲ ಎಂದು ವಾದಿಸುವವರಿದ್ದಾರೆ. ಕಾನೂನು ಆ ಮೂರಕ್ಕೆ ಕೊಟ್ಟಿರುವುದು 27, ಅಂದರೆ ಒಂದಕ್ಕೆ 9 ಟನ್. ಮಿಕ್ಕಿದ್ದು ಗುಂಡಿಗೆ, ತಿರುವಿಗೆ, ಬ್ರೇಕಿಗೆ ಕಾದಿಟ್ಟ ಶಕ್ತಿ. ಅದನ್ನು ಬಾಡಿಗೆಗೆ ಕೊಡಬಾರದು. ಮಿತಿ ಮೀರಿದರೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000.

ರಸ್ತೆ ತೆರುವುದು ಇದಕ್ಕಿಂತ ದೊಡ್ಡ ದಂಡ. ಅಮೆರಿಕದ ಇಲಿನಾಯ್‌ನ ಒಟ್ಟಾವ ಊರಿನ ಬಳಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, 1958ರಿಂದ 1960ರವರೆಗೆ ಅವುಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದರು. ಎಕ್ಸೆಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡಲ್ಲ, ಸುಮಾರು 16 ಪಟ್ಟು ಎಂದು ಅಲ್ಲಿಂದ ತಿಳಿದುಬಂತು. ಆ ಲೆಕ್ಕದಲ್ಲಿ 9 ಟನ್ ಹೊರಬೇಕಾದ ಎಕ್ಸೆಲ್ 12 ಹೊತ್ತರೆ ಹಾನಿ ಮೂರು ಪಟ್ಟು. ಸಂಡೂರಿನ ಅದಿರಿನ ದಾರಿಗಳು ಹೇಗಿದ್ದವು ಎಂದು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಟ್ಟು ತೂಕ ಮಿತಿಯೊಳಗಿದ್ದರೂ ಈಕ್ವಲೈಸರ್ ಹಿಡಿದುಕೊಂಡ ಗಾಡಿ ಇದೇ ಕೆಲಸ ಮಾಡುತ್ತದೆ.

ಏರ್ ಸಸ್ಪೆನ್ಷನ್ ಈ ಹಂಚಿಕೆಯನ್ನು ಚೆನ್ನಾಗಿ ಮಾಡುತ್ತದೆ. ಎಕ್ಸೆಲ್‌ಗಳ ಮೇಲಿನ ರಬ್ಬರ್ ಬೆಲ್ಲೋಗಳಿಗೆ ಪೈಪಿನ ಸಂಪರ್ಕವಿರುವುದರಿಂದ ಒಳಗಿನ ಒತ್ತಡ ಒಂದೇ ಆಗಿರುತ್ತದೆ, ಭಾರವೂ ಹಾಗೇ ಸಮನಾಗುತ್ತದೆ. ಲೆವೆಲಿಂಗ್ ವಾಲ್ವ್ ಲೋಡಿಗೆ ತಕ್ಕಂತೆ ಗಾಳಿ ತುಂಬಿ ಎತ್ತರ ಕಾಯುತ್ತದೆ. 9 ಟನ್ನಿಗೆಂದು ಕಟ್ಟಿದ ಕಮಾನು ಖಾಲಿ ಬರುವಾಗ ಬಗ್ಗುವುದೇ ಇಲ್ಲ, ಟ್ರೈಲರ್ ಕುಣಿಯುತ್ತದೆ. ಬೆಲ್ಲೋ ಮಾತ್ರ ಖಾಲಿಯಲ್ಲೂ ಮೆತ್ತಗೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಒಂದು ಗೇಜ್ ಜೋಡಿಸಿದರೆ ಒತ್ತಡ ನೋಡಿಯೇ ಎಕ್ಸೆಲ್‌ಗಳ ಮೇಲೆ ಎಷ್ಟು ಭಾರ ಕೂತಿದೆ ಎಂದು ಕ್ವಾರಿಯಲ್ಲೇ ಅಂದಾಜು ಸಿಗುತ್ತದೆ. ಯುರೋಪಿನಲ್ಲಿ ಎಳೆಯುವ ಗಾಡಿಯ ಜೋಡಿ ಎಕ್ಸೆಲ್‌ಗೆ ಏರ್ ಸಸ್ಪೆನ್ಷನ್ ಇದ್ದರೆ 18ರ ಬದಲು 19 ಟನ್ ಬಿಡುತ್ತಾರೆ.

ಹಾಗೆಂದು ಎಲ್ಲರಿಗೂ ಅದನ್ನೇ ಹೇಳಲಾರೆ. ಕಮಾನಿನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತವನ್ನು ತಡೆಯುತ್ತವೆ, ಗಾಳಿಗೆ ಆ ಗುಣವಿಲ್ಲ, ಶಾಕ್ ಅಬ್ಸಾರ್ಬರ್ ಬೇಕೇ ಬೇಕು. ಅದು ಸತ್ತರೂ ಓಡಿಸುತ್ತಿದ್ದರೆ ಏರ್ ಸಸ್ಪೆನ್ಷನ್ ರಸ್ತೆಯನ್ನು ಕಮಾನಿಗಿಂತ ಕೆಟ್ಟದಾಗಿ ಬಡಿಯುತ್ತದೆ. ಕ್ವಾರಿಯ ಚೂಪು ಕಲ್ಲಿಗೆ ಬೆಲ್ಲೋ ಹರಿದರೆ ರಾತ್ರಿ ಕುಷ್ಟಗಿಯ ಆಚೆ ಯಾರೂ ಸಿಗುವುದಿಲ್ಲ. ಗಾಳಿ ಟ್ಯಾಂಕಿನ ನೀರು ಬಸಿಯುವ, ಸೋರುವ ಸದ್ದು ಆಲಿಸುವ ಚಾಲಕ ಬೇಕು. ಯಂತ್ರ, ಗಾಜು, ಹೊಸ ವಾಹನ ಸಾಗಿಸಿ ಒಳ್ಳೆಯ ಹೆದ್ದಾರಿಯಲ್ಲೇ ಓಡುವವರಿಗೆ ಏರ್ ಸಸ್ಪೆನ್ಷನ್. ಕ್ವಾರಿಗೆ ಇಳಿದು ಹತ್ತುವವರಿಗೆ ನಾನು ಈಗಲೂ ಕಮಾನನ್ನೇ ಹಾಕುತ್ತೇನೆ. ತೀರಾ ಹದಗೆಟ್ಟ ನೆಲದಲ್ಲೇ ದಿನವಿಡೀ ದುಡಿಯುವ ಗಾಡಿಗೆ ನಡುವಿನ ಒಂದೇ ದಂಡದ ಮೇಲೆ ತೂಗುವ ಬೋಗಿ ಒಳ್ಳೆಯದು. ಗಾಲಿಗಳು ಎಷ್ಟು ಏರಿಳಿದರೂ ನೆಲ ಬಿಡುವುದಿಲ್ಲ, ಆದರೆ ಅದರ ಸ್ವಂತ ತೂಕ ಹೆಚ್ಚು.

ವಿದ್ಯುತ್ ಕೇಂದ್ರಕ್ಕೆ 150 ಟನ್ನಿನ ಟ್ರಾನ್ಸ್‌ಫಾರ್ಮರ್ ಹೋಗುವಾಗ ಈ ಯಾವುದೂ ನಡೆಯುವುದಿಲ್ಲ. ಅದಕ್ಕೆ ಸಾಲು ಸಾಲಾಗಿ ಜೋಡಿಸುವ ಹೈಡ್ರಾಲಿಕ್ ಎಕ್ಸೆಲ್‌ಗಳು, ಸಾಲಿಗೆ 8 ಟೈರು, 18 ಟನ್ ಮಿತಿ. 12 ಸಾಲು ಕಟ್ಟಿದರೆ 216 ಟನ್. ಅದರಲ್ಲಿ ಟ್ರೈಲರಿನ ತೂಕವೂ ಸೇರಿದೆ. ಸಿಲಿಂಡರುಗಳ ಎಣ್ಣೆಯನ್ನು ಮೂರು ಅಥವಾ ನಾಲ್ಕು ಗುಂಪುಗಳಾಗಿ ಜೋಡಿಸಿರುತ್ತಾರೆ. ಒಂದು ಗುಂಪಿನೊಳಗೆ ಎಣ್ಣೆ ಅತ್ತಿತ್ತ ಹರಿದು ಎಲ್ಲ ಗಾಲಿಗೂ ಸಮ ಭಾರ ಕೊಡುತ್ತದೆ. ರಸ್ತೆ ಒಂದು ಬದಿಗೆ ವಾಲಿದ್ದರೂ ನಡೆದು ಬರುವ ಆಪರೇಟರ್ ಮಂಚವನ್ನು ಮಟ್ಟವಾಗಿಡುತ್ತಾನೆ. ಹಾಗೆ ಗಾಡಿಯ ಪಕ್ಕದಲ್ಲೇ ನಡೆಯುತ್ತ ಮಟ್ಟ ಕಾಯುವವರ ಬಗ್ಗೆ ನನಗೆ ತುಂಬ ಗೌರವ.

ಯಾವುದನ್ನೇ ಕೊಂಡರೂ ಮೊದಲ ಲೋಡ್ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಮತ್ತೆ ಬಿಗಿಸಿ. ಸಡಿಲ ಬೋಲ್ಟ್ ಮೊದಲು ಸೆಂಟರ್ ಬೋಲ್ಟನ್ನು ಮುರಿಯುತ್ತದೆ, ಆಮೇಲೆ ಎಕ್ಸೆಲ್ಲೇ ಜಾರುತ್ತದೆ. ಕಿಂಗ್‌ಪಿನ್‌ನಿಂದ ಮೊದಲ ಎಕ್ಸೆಲ್‌ನ ಎರಡೂ ತುದಿಗೆ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಬರಬೇಕು. ಲೋಡಿನೊಂದಿಗೆ ವೇಬ್ರಿಡ್ಜಿಗೆ ಹೋದಾಗ ಇಡೀ ಗಾಡಿ ತೂಗಿಸಿ ಸುಮ್ಮನಾಗಬೇಡಿ. ಮುಂದಿನ ನೆಲ ಸಮನಾಗಿರುವ ವೇಬ್ರಿಡ್ಜ್ ಹುಡುಕಿ, ಟ್ರೈಲರಿನ ಮೂರು ಎಕ್ಸೆಲ್‌ಗಳನ್ನಷ್ಟೇ ಅದರ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ಪಡೆಯಿರಿ. ಮಂಚದ ಬದಿಗೆ ಕಲ್ಲು ಕೂತ ಜಾಗದಲ್ಲಿ ಬಣ್ಣದ ಗೆರೆ ಎಳೆದು, ಆ ಚೀಟಿಯ ಲೆಕ್ಕವನ್ನು ಪಕ್ಕದಲ್ಲೇ ಬರೆದಿಡಿ. ಮುಂದಿನ ದಿಮ್ಮಿಯನ್ನು ಗೆರೆಯಿಂದ ಎಷ್ಟು ಮುಂದೆ ಇಳಿಸಬೇಕೆಂದು ಕ್ರೇನಿನವನಿಗೆ ಕೈತೋರಿಸಿ ಹೇಳಬಹುದು.